ದಿಣ್ಣೆ ಮೇಲಿನ ನಾಲ್ಕು ಕಡ್ಡಿ

ಅಂಗನವಾಡಿ ಟೀಚರನ್ನು ಮಕ್ಕಳು ಆಟ ಆಡಿಸುತ್ತವೆ ಎಂದು ಜನ ತಿಳಿದಿದ್ದಾರೆ. ಮಕ್ಕಳು ಪಾಪ, ಒಂದು ಹಾಡು ಹೇಳಿದರೆ ಸುಮ್ಮನಾಗುತ್ತವೆ. ದಿನ ಬೆಳಗಾದರೆ ನನ್ನನ್ನು ಆಟ ಆಡಿಸುವುದು ಕೈಯಲ್ಲಿರುವ ಫೋನು. ನಮ್ಮದು ಜವನಗೊಂಡನಹಳ್ಳಿಯಿಂದ ಒಳಗಿರುವ ಕುರಿಗಾರರ ಹಟ್ಟಿ. ಅತ್ತ ಹೈವೇಯಲ್ಲಿ ಹೋಗುವವರು ಬಸ್ಸಿನಲ್ಲೇ ಸಿನಿಮಾ ನೋಡಿಕೊಂಡು ಹೋಗುತ್ತಾರೆ. ಪಂಚಾಯಿತಿ ಆಫೀಸಿನ ತನಕ ಇಂಟರ್ನೆಟ್ ವೈರೂ ಬಂದಿದೆ. ಅಲ್ಲಿಂದ ನಮ್ಮ ಹಟ್ಟಿಗೆ ಬರಲು ಮಾತ್ರ ಅದಕ್ಕೆ ಕಾಲುನೋವು. ಊರಾಚೆ ಒಂದು ದಿಣ್ಣೆ, ಅದರ ಮೇಲೊಂದು ಬೇವಿನ ಮರ. ಮರದ ಕೆಳಗೆ ನಿಂತರೆ ಸಿಗ್ನಲ್ ನಾಲ್ಕು ಕಡ್ಡಿ. ಇಳಿದರೆ ಒಂದೂ ಇಲ್ಲ.

೧. ಮುಖ ನೋಡುವ ಶಾಸ್ತ್ರ

ಗರ್ಭಿಣಿಯರಿಗೆ ಆಹಾರದ ಪೊಟ್ಟಣ ಕೊಡಬೇಕಾದರೆ ಈಗ ಫೋನು ಅವರ ಮುಖ ನೋಡಿ ಒಪ್ಪಬೇಕು. ಪೊಟ್ಟಣ ನನ್ನ ಬೀರುವಿನಲ್ಲಿ, ತಿನ್ನಬೇಕಾದವಳು ನನ್ನ ಎದುರಿಗೆ, ಒಪ್ಪಿಗೆ ಮಾತ್ರ ದಿಣ್ಣೆಯ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದ ಹಾಗೆ.

ಏಳು ತಿಂಗಳ ಬಸುರಿಯೊಬ್ಬಳನ್ನು ಕೈಹಿಡಿದು ಹತ್ತಿಸಿದೆ. ಗಾಳಿಗೆ ಸೆರಗು ಮುಖಕ್ಕೆ ಬಡಿಯುತ್ತಿತ್ತು. ಫೋನು ‘ಕಣ್ಣು ಮಿಟುಕಿಸಿ’ ಎಂದಿತು. ಮಿಟುಕಿಸಿದರೆ ‘ಅಲುಗಾಡಬೇಡಿ’ ಎಂದಿತು. ಅರ್ಧ ಗಂಟೆ ಹೀಗೇ ಆಯಿತು. ಅವಳು ಸೊಂಟ ಹಿಡಿದುಕೊಂಡು ಕಲ್ಲಿಗೆ ಒರಗಿದ್ದು ಕಂಡು ನನಗೆ ಮೈಯೆಲ್ಲ ಉರಿಯಿತು. ಮುಂದಿನ ತಿಂಗಳು ಇವಳು ಈ ದಿಣ್ಣೆ ಹತ್ತಬಾರದು, ಅಷ್ಟರೊಳಗೆ ಅಂಗನವಾಡಿಗೇ ವೈರ್ ಎಳೆಸುತ್ತೇನೆ ಎಂದು ಅಲ್ಲೇ ಹಟ ತೊಟ್ಟೆ.

ಕೊನೆಗೆ ಫೋನು ಒಪ್ಪಿತು. ಅವಳು ಬೆವರು ಒರೆಸಿಕೊಂಡು ಹೇಳಿದಳು: “ಟೀಚರಮ್ಮ, ಮದ್ವೆಯಾಗಿ ನಾಕು ವರ್ಸ ಆತು. ನನ್ ಗಂಡನೂ ಇಷ್ಟೊತ್ತು ನನ್ ಮುಖ ನೋಡಿಲ್ಲ!”

೨. ಗೋಡೆ ಎಲ್ಲಿ?

ಹಾಜರಾತಿಯ ಫೋಟೋ ನೆಟ್ ಇರುವ ಕಡೆಯೇ ತೆಗೆಯಬೇಕು. ಹಾಗಾಗಿ ಒಂದು ವಾರ ಮಕ್ಕಳನ್ನೆಲ್ಲ ಸಾಲಾಗಿ ದಿಣ್ಣೆಗೆ ನಡೆಸಿದೆ. ಹಿರಿಯೂರಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಮೇಡಂ ನನ್ನನ್ನು ಎದ್ದು ನಿಲ್ಲಿಸಿದರು. “ಏನ್ರೀ, ನಿಮ್ಮ ಅಂಗನವಾಡಿಗೆ ಕಟ್ಟಡ ಇಲ್ಲ ಅಂತ ಮೇಲಿನವರು ಬರೆದಿದ್ದಾರೆ. ಎಲ್ಲ ಫೋಟೋದಲ್ಲೂ ಬರೀ ಬೇವಿನ ಮರ! ಈ ಟೌನ್ ಟೀಚರನ್ನ ನೋಡಿ ಕಲೀರಿ. ಎಷ್ಟು ಚೆಂದ ಗೋಡೆ ಕಾಣುತ್ತೆ.”

ಕುರ್ಚಿ ಬಿಟ್ಟು ಏಳದೆ ಫೋಟೋ ಕಳಿಸುವ ಆ ಟೀಚರ್ ನಸುನಕ್ಕಳು. ನಾನು ಕೈಮುಗಿದು ಹೇಳಿದೆ: “ಕಲೀತೀನಿ ಮೇಡಂ. ಮಕ್ಕಳನ್ನ ಹತ್ತಿಸಿದ್ದೀನಿ, ಗೋಡೆ ಹತ್ತಿಸೋದೊಂದು ಬಾಕಿ ಐತೆ.”

೩. ಒಳ್ಳೆ ಜಾಗ

ವೈರ್‌ಗಾಗಿ ಮೂರು ಸಲ ಅರ್ಜಿ ಕೊಟ್ಟ ಮೇಲೆ, ಸಿಗ್ನಲ್ ಇದೆಯೋ ಇಲ್ಲವೋ ನೋಡಲು ಹಿರಿಯೂರಿನ ಆಫೀಸಿನಿಂದ ಒಬ್ಬ ಸಾಹೇಬರು ಬಂದರು. ಸಿಗ್ನಲ್ ಇಲ್ಲದಿದ್ದರೆ ಮಾತ್ರ ವೈರ್. ನಾನು ಅಂಗನವಾಡಿ ಗುಡಿಸಿ ಕಾದೆ, ಕಾದೆ, ಯಾರೂ ಬರಲಿಲ್ಲ. ಹುಡುಕಿಕೊಂಡು ಹೋದರೆ, ಹಟ್ಟಿಯ ಯಜಮಾನರು ಸಾಹೇಬರಿಗೆ ದಿಣ್ಣೆಯ ಮೇಲೆ ಕಂಬಳಿ ಹಾಸಿದ ಕುರ್ಚಿ ಹಾಕಿಸಿ ಎಳನೀರು ಕೊಡುತ್ತಿದ್ದಾರೆ!

“ನಾಲ್ಕೂ ಕಡ್ಡಿ ಇದೆಯಲ್ರೀ!” ಎಂದರು ಸಾಹೇಬರು.

“ಇರ್ದೆ ಏನು ಸಾಹೇಬ್ರೆ?” ಯಜಮಾನರು ಮೀಸೆ ತಿರುವಿದರು. “ಬಂದೋರನ್ನ ಸಿಗ್ನಲ್ ಇಲ್ದಿರೋ ಜಾಗದಾಗೆ ಕುಂದ್ರಿಸೋಕೆ ನಾವೇನು ಮರ್ಯಾದೆ ಬಿಟ್ಟೋರಾ?”

೪. ನಿಜವೂ ಸುಳ್ಳೂ

ನಾನು ಬಿಡಲಿಲ್ಲ. “ಸಾಹೇಬ್ರೆ, ನನ್ನ ಅಂಗನವಾಡಿ ಮರದ ಕೆಳಗಿಲ್ಲ, ಬರ್ರಿ” ಎಂದು ಇಳಿಸಿಕೊಂಡು ಬಂದೆ. ಅವರ ವರದಿಯನ್ನು ಅಂಗನವಾಡಿಯ ಒಳಗಿಂದಲೇ ಕಳಿಸಬೇಕಂತೆ. ದಿಣ್ಣೆಯ ಗುಂಗಿನಲ್ಲಿ ‘ಸಿಗ್ನಲ್ ಇದೆ’ ಎಂದು ಒತ್ತಿದರು. ಚಕ್ರ ತಿರುಗಿತು, ಹೋಗಲಿಲ್ಲ. ಬಾಗಿಲಿಗೆ, ಕಿಟಕಿಗೆ, ಅಡುಗೆ ಮೂಲೆಗೆ ಹೋಗಿ ಕೈ ಎತ್ತಿದರು. ಹೋಗಲಿಲ್ಲ. ಮುಖ ಸಪ್ಪೆ ಮಾಡಿಕೊಂಡು ‘ಸಿಗ್ನಲ್ ಇಲ್ಲ’ ಎಂದು ಒತ್ತಿದರು. ಅದೂ ಹೋಗಲಿಲ್ಲ.

ಮೂಲೆಯಲ್ಲಿ ಕೂತಿದ್ದ, ಅವತ್ತು ದಿಣ್ಣೆ ಹತ್ತಿದ್ದ ಬಸುರಿ ಹೆಂಗಸು, “ಸುಳ್ಳು ಹೋಗ್ದಿದ್ರೆ ಹೋಗ್ಲಿ ಟೀಚರಮ್ಮ, ನಿಜಾನೂ ಹೋಗಂಗಿಲ್ವಲ್ಲ!” ಎಂದಳು.

ನಾನು ಬಿಳಿ ಹಾಳೆ, ಪೆನ್ನು ಮುಂದಿಟ್ಟೆ. “ಬರೀರಿ. ನಾನೇ ಮುಟ್ಟಿಸ್ತೀನಿ.” ‘ಇಲ್ಲಿ ಸಿಗ್ನಲ್ ಇಲ್ಲ, ವೈರ್ ಬೇಕು’ ಎಂದು ಬರೆದು ಸಹಿ ಹಾಕಿದರು. ಯಜಮಾನರು ಅವರನ್ನು ಮುದ್ದೆ, ಮಟನ್ ಸಾರಿಗೆ ಕರೆದುಕೊಂಡು ಹೋದರು. ನಾನು ಸಿಕ್ಕ ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ ಅವರ ಮೇಲಧಿಕಾರಿಯ ಮೇಜಿನ ಮೇಲೆ ಕಾಗದ ಇಟ್ಟೆ.

ಅವರು ನನ್ನನ್ನೂ ಕಾಗದವನ್ನೂ ಅನುಮಾನದಿಂದ ನೋಡಿದರು. “ಇದನ್ನ ಅವನೇ ಬರೆದಿದ್ದು ಅಂತ ಹೆಂಗಮ್ಮ ನಂಬೋದು? ತಡಿ, ಕೇಳ್ತೀನಿ.” ಫೋನ್ ಹಚ್ಚಿದರು, ಸಿಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಆರನೆಯ ಸಲಕ್ಕೆ ಮೇಜು ಗುದ್ದಿದರು. “ನಿಮ್ಮೂರಲ್ಲಿ ಏನ್ ಮಾಡ್ತಾ ಇದಾನ್ರೀ ಅವನು? ಫೋನ್ ಯಾಕೆ ಸಿಗ್ತಿಲ್ಲ?”

“ಸಾರ್,” ಎಂದೆ, “ಅದನ್ನೇ ಆ ಕಾಗದದಾಗೆ ಬರೆದವ್ರೆ.”