ಬೆಲ್ಲದ ಪಕ್ಕದ ಭರಣಿ

ಸಾಮಾನು ಮಾಡುವವರಿಗೆ ಲೋಕ ಕೊಡುವ ಮರ್ಯಾದೆಯಲ್ಲಿ ಅರ್ಧವನ್ನೂ ಅದನ್ನು ಕಟ್ಟಿಡುವವರಿಗೆ ಕೊಡುವುದಿಲ್ಲ. ಇದು ಶುದ್ಧ ಅನ್ಯಾಯ. ಹೋಳಿಗೆ ಮಾಡಿದಾಕೆಯನ್ನು ಎಲ್ಲರೂ ಹೊಗಳುತ್ತಾರೆ. ಆ ಹೋಳಿಗೆ ಮುರಿಯದಂತೆ, ಬೂಸಲು ಹಿಡಿಯದಂತೆ ಬುತ್ತಿ ಕಟ್ಟಿ ಹುನಗುಂದದವರೆಗೆ ಮುಟ್ಟಿಸಿದವನನ್ನು ಯಾರೂ ಕೇಳುವುದಿಲ್ಲ. ನಾನು ಕಟ್ಟುವವನು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಬಾಗಲಕೋಟೆಯ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಿಮ್ಮ ಅಭಿಪ್ರಾಯ ಬೇರೆಯಾದೀತು, ನನ್ನದು ಬೇರೆಯಾಗಿಲ್ಲ.

ತಲೆಯ ಮೇಲೆ ಅಂಟುವಾಳದ ಚೀಲ ಹೊತ್ತು ಮನೆಮನೆ ತಿರುಗಿದವನು ನಾನು. ನನಗೆ ಯಾರೂ ಅಂಗಡಿ ಹಾಕಿಕೊಟ್ಟಿಲ್ಲ. ಕಾಯಿ ಒಡೆದು, ಬೀಜ ತೆಗೆದು, ನೆನೆಹಾಕಿ ಕಿವುಚುವುದಕ್ಕೆ ಹೆಂಗಸರು ಬೇಸರಪಡುವುದನ್ನು ಕಂಡು, ಅಂಟುವಾಳದ ಪುಡಿಗೆ ರೈಲಿನಲ್ಲಿ ಬರುವ ಬಟ್ಟೆಸೋಡಾ ಕೂಡಿಸಿ, ಅಚ್ಚಿಗೆ ಒತ್ತಿ, ಒಣಗಿಸಿ ಬಿಲ್ಲೆ ಮಾಡಿದೆ. ಒಂದು ಬಿಲ್ಲೆಯನ್ನು ಬಿಸಿನೀರಿಗೆ ಹಾಕಿದರೆ ಸಾಕು, ಧೋತರ ತನ್ನ ಹಳೆಯ ಪಾಪಗಳನ್ನೆಲ್ಲ ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಬೇಸಿಗೆಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಮಳೆಗಾಲ ಬಂತು ನೋಡಿ, ನೀರಿನಲ್ಲಿ ಕರಗಲೆಂದು ಮಾಡಿದ ವಸ್ತು ಗಾಳಿಯಲ್ಲಿಯೇ ಕರಗತೊಡಗಿತು. ರಾತ್ರಿ ಎಣಿಸಿಟ್ಟ ಬಿಲ್ಲೆಗಳು ಬೆಳಗಾಗುವುದರೊಳಗೆ ಒಂದೇ ಮುದ್ದೆ. ಮಲ್ಲಪ್ಪ ಎಂಬ ಚೆಂದದ ಹೆಸರು ಬಿಟ್ಟು ಪೇಟೆಯವರು ನನ್ನನ್ನು ‘ಕರಗಪ್ಪ’ ಎನ್ನತೊಡಗಿದರು.

ಅದೇ ಹೊತ್ತಿಗೆ ಇಳಕಲ್ಲಿನ ಸೀರೆ ವ್ಯಾಪಾರಿ ಸಂಗಪ್ಪನವರು ಸಿಕ್ಕರು. ಬಣ್ಣಕ್ಕೆ ಹಾಕುವ ಮುಂಚೆ ಹತ್ತಿಯ ನೂಲನ್ನು ತೊಳೆಯಬೇಕಲ್ಲ, ಅದಕ್ಕೆ ನನ್ನ ಬಿಲ್ಲೆ ಅವರ ಮನಸ್ಸಿಗೆ ಬಂದಿತ್ತು. “ಬಿಲ್ಲಿ ಚಲೋ ಅದಾವ ಮಲ್ಲಪ್ಪ, ಆದ್ರ ಈ ಮಳ್ಯಾಗ ಚಕ್ಕಡಿ ಇಳಕಲ್ಲ ಮುಟ್ಟೂದ್ರಾಗ ರಾಡಿ ಆಗಿರಬಾರದು. ಶ್ರಾವಣದಾಗ ನಿನ್ನ ಮನಿಗೆ ಬರ್ತೇನಿ. ಒಣಾ ಇದ್ದೂ ಅಂದ್ರ ನಮ್ಮ ನೇಕಾರರ ಮನಿಗೆಲ್ಲ ನಿನ್ನ ಬಿಲ್ಲಿ. ಇರಲಿಲ್ಲಂದ್ರ ನಿನ್ನ ಚೀಲ ನಿನ್ನ ತಲೀಮ್ಯಾಗ” ಎಂದರು. ಆ ಚೀಲದ ಭಾರ ನನ್ನ ಕುತ್ತಿಗೆಗೆ ಇನ್ನೂ ನೆನಪಿತ್ತು.

ಶುರುಮಾಡಿದೆ. ಕಾಗದದಲ್ಲಿ ಕಟ್ಟಿದರೆ ಕಾಗದವೇ ಮೊದಲು ಅತ್ತಿತು. ಮುತ್ತಲ ಎಲೆಯಲ್ಲಿ ಸುತ್ತಿದರೆ ಎಲೆಯೂ ಬಿಲ್ಲೆಯೂ ಅಗಲಲಾರದ ದಂಪತಿಗಳಾದವು. ಮಣ್ಣಿನ ಗಡಿಗೆ ತಾನೇ ಬೆವರುವ ಜಾತಿಯದು, ಅದರ ಮಾತೇ ಬೇಡ. ತಗಡಿನ ಕೆಲಸದ ಇಮಾಮಸಾಬ ನನ್ನ ಹಳೆಯ ಗೆಳೆಯ. “ಲೇ ಮಲ್ಲ್ಯಾ, ಡಬ್ಬಿ ಮಾಡಿ ಬಾಯಿಗೆ ಬೆಸುಗಿ ಹಾಕ್ತೇನಿ. ಗಾಳಿ ಅಲ್ಲ, ಗಾಳಿಯ ಅಪ್ಪನೂ ಒಳಗ ಹೋಗಂಗಿಲ್ಲ” ಎಂದ.

“ತಗ್ಯೂದು ಹ್ಯಾಂಗೋ?”

“ಅದಕ್ಕ ಮತ್ತ ನನ್ನ ಕಡೇನ ಬರಬೇಕು.”

ಇಂಥ ವ್ಯಾಪಾರ ನನ್ನ ಹತ್ತಿರ ನಡೆಯುವುದಿಲ್ಲ. ಕೊನೆಗೆ ನನ್ನ ಬುದ್ಧಿಯನ್ನೇ ನಂಬಿದೆ. ನಿಮಗೂ ಬೇಕಾದರೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಜೇನುಮೇಣ ಕರಗಿಸಿ ಹಳೆಯ ಬಟ್ಟೆಗೆ ಸವರಿ, ಒಂದೊಂದೇ ಬಿಲ್ಲೆಯನ್ನು ಅದರಲ್ಲಿ ಸುತ್ತಬೇಕು. ಪಿಂಗಾಣಿ ಭರಣಿಯ ತಳಕ್ಕೆ ಚೆನ್ನಾಗಿ ಹುರಿದು ಆರಿಸಿದ ಜೋಳ ಹರಡಿ, ಮೇಲೆ ಬಿಲ್ಲೆ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ ಅರಗು ಸುರಿಯಬೇಕು. ತಪ್ಪಿ ಒಳಹೊಕ್ಕ ತೇವವನ್ನು ಜೋಳ ಕುಡಿಯುತ್ತದೆ. ಆಮೇಲೆ ಭರಣಿಯನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಬೇಕು.

“ತಿನ್ನೂ ಜೋಳಾ ಹುರದು ಸೋಡಾಕ್ಕ ಉಣ್ಣಸ್ತೀರೇನ್ರಿ?” ಎಂದಳು ನನ್ನ ಹೆಂಡತಿ ನೀಲವ್ವ.

ಮೊದಲ ಪರೀಕ್ಷೆಯನ್ನು ಅವಳ ಬೆಲ್ಲದ ಮೇಲೆಯೇ ಮಾಡಿದ್ದೆ. ಮಳೆಗಾಲದಲ್ಲಿ ಬೆಲ್ಲವೂ ಬಿಲ್ಲೆಯ ಹಾಗೆಯೇ ನೀರೊಡೆಯುತ್ತದಲ್ಲ? ಅವಳ ಬೆಲ್ಲವನ್ನು ಬಿಲ್ಲೆಯ ಗಾತ್ರಕ್ಕೆ ತುಂಡುಮಾಡಿ, ಮೇಣಬಟ್ಟೆಯಲ್ಲಿ ಸುತ್ತಿ, ಭರಣಿಗೆ ಹಾಕಿ ಅರಗು ಹೊಯ್ದೆ. ಬೆಲ್ಲ ಕಲ್ಲಿನ ಹಾಗೆ ಉಳಿಯಿತು. ಪಕ್ಕದಲ್ಲಿ ಬಿಲ್ಲೆಯ ಭರಣಿ ಇಟ್ಟೆ. ಅಂಟುವಾಳದಿಂದಾಗಿ ಬಿಲ್ಲೆಯ ಬಣ್ಣವೂ ಬೆಲ್ಲದ್ದೇ.

“ಒಂದಕ್ಕರೆ ಗುರುತು ಮಾಡ್ರಿ. ನಾಳೆ ನನಗ ಹ್ಯಾಂಗ ತಿಳೀಬೇಕು?” ಎಂದಳು ನೀಲವ್ವ.

“ಗುರುತು ಯಾಕ? ಎಡಗಡಿದು ಬೆಲ್ಲ, ಬಲಗಡಿದು ಬಿಲ್ಲಿ. ಅಷ್ಟೂ ನೆನಪಿರಂಗಿಲ್ಲೇನು?”

ಎಡ ಬಲಗಳು ನೋಡುವವರು ನಿಂತ ಕಡೆಯನ್ನು ಅನುಸರಿಸಿ ಬದಲಾಗುತ್ತವೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ನಾನು ಭರಣಿಗಳನ್ನಿಟ್ಟದ್ದು ಹಿತ್ತಲ ಬಾಗಿಲ ಕಡೆಯಿಂದ ನಿಚ್ಚಣಿಕೆ ಹಾಕಿ. ಅವಳು ಏರುವುದು ಅದರ ಎದುರಿನ ಒಲೆಯ ಕಡೆಯಿಂದ.

ಶ್ರಾವಣದಲ್ಲಿ ಸಂಗಪ್ಪನವರು ತೊಯ್ದುಕೊಂಡು ಬಂದರು. ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತು ಶುರುಮಾಡುವ ಮನೆ ನಮ್ಮದಲ್ಲ. ನೀಲವ್ವ ಅಟ್ಟದಿಂದ ಭರಣಿ ಇಳಿಸಿ, ಅರಗು ಒಡೆದು, ಮೇಣಬಟ್ಟೆ ಬಿಚ್ಚಿ, ಬಟ್ಟಲಲ್ಲಿ ತಂದಿಟ್ಟಳು. ನಾನು ಆಗಲೇ ಭಾಷಣಕ್ಕೆ ತೊಡಗಿದ್ದೆ. “ಸಾವ್ಕಾರ್ರ, ನನ್ನ ಕಟ್ಟಿನಾಗ ಒಂದು ಹನಿ ತೇವ ಕಂಡ್ರ ನನ್ನ ರುಮಾಲು ತಗದ ಇಡ್ತೇನಿ!” ಅವರು ತಲೆಯಾಡಿಸುತ್ತ ಒಂದು ತುಂಡು ಬಾಯಿಗೆ ಹಾಕಿ, ಮೇಲೆ ಒಂದು ಗುಟುಕು ನೀರು ತೆಗೆದುಕೊಂಡರು.

ಒಬ್ಬರ ಮನೆಯ ಬೆಲ್ಲವನ್ನು ಅವರ ಎದುರಿಗೇ ಉಗುಳಬಾರದೆಂಬುದು ದೊಡ್ಡ ಮನುಷ್ಯರ ಲಕ್ಷಣ. ಸಂಗಪ್ಪನವರು ಬಹಳ ದೊಡ್ಡ ಮನುಷ್ಯರು. ಕಣ್ಣು ಅಗಲವಾದವು, ಮುಖ ಕೆಂಪಾಯಿತು, ಬಾಯಿ ಮಾತ್ರ ತೆರೆಯಲಿಲ್ಲ. ನನ್ನ ಮಾತಿಗೆ ಬೆರಗಾಗಿದ್ದಾರೆಂದುಕೊಂಡು ನಾನು ಇನ್ನಷ್ಟು ಏರಿದೆ. ಆಗ ಅವರ ಮೀಸೆಯ ಕೆಳಗೆ ಬಿಳಿಯ ನೊರೆ ಮೂಡಿತು.

“ಅಯ್ಯ ಶಿವನ!” ಎಂದು ನೀಲವ್ವ ತಂಬಿಗೆ ಹಿಡಿದು ಓಡಿಬಂದಳು. ಅವರು ಅಂಗಳಕ್ಕೆ ಧಾವಿಸಿ ಉಗುಳಿದರು, ಮುಕ್ಕಳಿಸಿದರು. ಕೊಡ ಬರಿದಾಯಿತು, ನೊರೆ ನಿಲ್ಲಲಿಲ್ಲ. ನನ್ನ ತಲೆಯ ಮೇಲೆ ಚೀಲ ಬಂದು ಕೂತ ಹಾಗೆಯೇ ಆಯಿತು. ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. “ಸಾವ್ಕಾರ್ರ, ಒಣಾ ಇತ್ತೋ ಇಲ್ಲೋ, ಅಷ್ಟ ಹೇಳ್ರಿ!” ಎಂದೆ.

ಅವರು ಮೀಸೆ ಒರೆಸಿಕೊಂಡು ಒಳಗೆ ಬಂದು, ಬಟ್ಟಲಲ್ಲಿ ಉಳಿದ ತುಂಡನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನಕ್ಕರು. “ಒಣಾ ಇತ್ತೋ ಮಾರಾಯ. ಕಲ್ಲಿನಂಗ ಇತ್ತು. ನೊರಿನೂ ಭಾಳ ಚಲೋ ಬರ್ತೈತಿ, ಅದನ್ನ ನನ್ನಷ್ಟು ಯಾರು ಬಲ್ಲರು? ಬಿಲ್ಲಿ ಕಳಸು. ಆದ್ರ ನಮ್ಮ ನೇಕಾರರ ಮನ್ಯಾಗ ಸಣ್ಣ ಹುಡುಗ್ರು ಅದಾವ. ಅವು ಬೆಲ್ಲಂತ ತಿಂದು ಏನರೆ ಆದ್ರ ನಿನ್ನ ಬಿಡಂಗಿಲ್ಲ. ಓದಾಕ ಬರದವರಿಗೂ ತಿಳಿಯೋ ಗುರುತು ಹಾಕು.”

“ಬೇವಿನ ಎಸಳು ಕಟ್ರಿ. ಅದನ್ನ ಕಂಡ್ರ ಯಾವ ಕೂಸೂ ಬಾಯಿಗೆ ಹಾಕ್ಕೊಳ್ಳಂಗಿಲ್ಲ” ಎಂದಳು ಬಾಗಿಲ ಮರೆಯಿಂದ ನೀಲವ್ವ. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಅವಳು ಮೊದಲು ಹೇಳಿದಳು, ಅಷ್ಟೆ.

ಅಂದಿನಿಂದ ನನ್ನ ಪ್ರತಿಯೊಂದು ಕಟ್ಟಿನ ಮೇಲೂ ಒಣಗಿದ ಬೇವಿನ ಎಸಳಿರುತ್ತದೆ. ಇಳಕಲ್ಲಿನವರು ಅದನ್ನು ‘ಬೇವಿನ ಬಿಲ್ಲಿ’ ಎಂದೇ ಕರೆಯುತ್ತಾರೆ, ಒಳಗೆ ಬೇವು ಹೆಸರಿಗೂ ಇಲ್ಲದಿದ್ದರೂ. ಹೊಸ ಗಿರಾಕಿಯೊಡನೆ ಮಾತಾಡಲು ಮೊನ್ನೆ ಗುಡೂರಿಗೆ ಹೊರಟು ನಿಂತಾಗ, ನೀಲವ್ವ ಬಂದು ನನ್ನ ರುಮಾಲಿಗೆ ಒಂದು ಬೇವಿನ ಎಸಳು ಸಿಕ್ಕಿಸಿದಳು.

“ಇದ್ಯಾಕ?” ಎಂದೆ.

“ನಮ್ಮಪ್ಪ ನಿಮ್ಮನ್ನ ನೋಡಿ ಬೆಲ್ಲ ಅಂತ ಮೋಸ ಹೋದ. ಗುಡೂರಿನವರಿಗರೆ ಮೊದಲ ತಿಳೀಲಿ.”

ಎಸಳನ್ನು ನಾನು ತೆಗೆಯಲಿಲ್ಲ. ಹಾಗೆಯೇ ಹೋದೆ, ಹಾಗೆಯೇ ಚೌಕಾಶಿ ಮಾಡಿದೆ. ಸಂಗಪ್ಪನವರ ನೊರೆಯ ಸುದ್ದಿ ಮೊದಲೇ ಕೇಳಿದ್ದ ಅಲ್ಲಿಯ ಗಿರಾಕಿ ನನ್ನ ರುಮಾಲನ್ನು ನೋಡಿದ, ಕಟ್ಟಿನ ಗುಣ ತೋರಿಸಲು ನಾನು ಬಿಚ್ಚಿಟ್ಟಿದ್ದ ಬೆಲ್ಲವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ, “ಮೊದಲ ನೀವು ತಿನ್ರಿ” ಎಂದ.