ನೀರಿನ ಟ್ಯಾಂಕ್ ಬಿಟ್ಟು ಕದಲದ ಗಿಡುಗನ ಮರಿಗೆ

ತಾರಸಿ ಬಾಗಿಲಿಗೆ ಅಂಟಿಸಿದ ಕಾಗದ ಕಂಡದ್ದೇ ಕನ್ನಡಕ ಏರಿಸಿಕೊಂಡು ನಿಂತಿರಲ್ಲ, ಬೇರೆಯವರಿಗೆ ಬರೆದದ್ದನ್ನು ಓದಲು ಒಂದಿಷ್ಟಾದರೂ ನಾಚಿಕೆ ಬೇಡವೇ? ಇದು ನಿಮಗಲ್ಲ, ಟ್ಯಾಂಕಿನ ಮೇಲೆ ಕೂತವರಿಗೆ. ಓದುವುದಾದರೆ ಬಾಯಿ ಮುಚ್ಚಿಕೊಂಡು ಓದಿ.

ಮಾನ್ಯ ಗಿಡುಗನ ಮರಿಯವರೇ,

ತಮ್ಮ ದಿವ್ಯ ಸನ್ನಿಧಿಗೆ ಎರಡನೇ ಮಹಡಿಯ ಅಜ್ಜಿಯ ನಮಸ್ಕಾರಗಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಕೊಕ್ಕಿನಿಂದ ತಿದ್ದಿಕೊಳ್ಳುವುದು.

ತಮ್ಮ ತಾಯಿ ಗೂಡು ಕಾಯುತ್ತಾ ನನ್ನ ತಲೆಗೆ ಎರಗುತ್ತಿದ್ದ ಕಾಲದಲ್ಲಿ ಪಾತ್ರೆ ಬೋರಲು ಹಾಕಿಕೊಂಡು ಬಟ್ಟೆ ಒಣಗಿಸಿದವಳು ನಾನು, ಆಗ ದೂರಲಿಲ್ಲ. ತಮ್ಮ ಹೆತ್ತವರು ಬೇಟೆಯನ್ನು ಕಾಲಲ್ಲಿ ತಂದು, ಕೊಡುವ ಹಾಗೆ ತೋರಿಸಿ, ಕೊಡದೆ ಹಾರಿಬಿಡುತ್ತಿದ್ದಾಗ ತಮ್ಮ ಅಣ್ಣ, ಅಕ್ಕಂದಿರು ಬೆನ್ನಟ್ಟಿ ಗಾಳಿಯಲ್ಲೇ ಕಸಿದರು, ಏರೋಪ್ಲೇನ್ ಚಿಟ್ಟೆ ಹಿಡಿದು ಹಾರುತ್ತಲೇ ತಿಂದರು, ಚಳಿಯಿಲ್ಲದ ದೇಶದ ದೂರದ ದಾರಿಗೆಂದು ಮೈಯಲ್ಲಿ ಕೊಬ್ಬು ಕಟ್ಟಿಕೊಂಡು ಹೋದ ವಾರ ಹೊರಟೇ ಹೋದರು. ತಾವು ಮಾತ್ರ ಕೂಗುತ್ತಾ ಕೂತಿರಿ. ಎಂಥ ಗಾಂಭೀರ್ಯ! ಸಿಂಹಾಸನದ ಮೇಲಿನ ರಾಜರೂ ಇಷ್ಟು ಹೊತ್ತು ಕೂರಲಾರರು.

ನಾನೋ, ಹೆತ್ತವರಿಗೆ ಕರುಳೇ ಇಲ್ಲವೆಂದು ಬೈದು, ತಾರಸಿ ಕಟ್ಟೆಯ ಮೇಲೆ ದಿನಾ ಮಾಂಸದ ಚೂರು ಇಟ್ಟೆ. "ಅಯ್ಯೋ ಅಜ್ಜೀ, ಅವು ಅದಕ್ಕೆ ಬೇಟೆ ಕಲಿಸ್ತಾ ಇದ್ವು, ನೀನು ತುತ್ತು ಹಾಕಿ ಕೂರಿಸಿಬಿಟ್ಟೆ!" ಎಂದು ಮೊಮ್ಮಗಳು ತಲೆ ಚಚ್ಚಿಕೊಂಡಳು. ಚಳಿ ಬಿದ್ದರೆ ಚಿಟ್ಟೆಗಳು ಮಾಯ, ಆಮೇಲೂ ಇಲ್ಲೇ ಉಳಿದರೆ ತಾವೂ ಮಾಯ ಎಂದಳು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು, ನನ್ನ ಚೂರು ಯಾವ ಮೂಲೆಗೆ? ಮೂರು ದಿನದಿಂದ ನಿಲ್ಲಿಸಿದ್ದೇನೆ. ತಮ್ಮ ಕೂಗು ಕೇಳದಿರಲೆಂದು ಕಿಟಕಿ ಮುಚ್ಚಿ ಉಣ್ಣಲು ಕೂತರೂ ಅರ್ಧಕ್ಕೇ ತಟ್ಟೆ ಸರಿಸಿ ಏಳುತ್ತೇನೆ; ಈ ಉಪಕಾರಕ್ಕೂ ತಮಗೆ ವಂದನೆಗಳು.

ಆದಕಾರಣ ಈ ವರ್ಷ ಬರಬೇಡವೆಂದು ತಾವು ಚಳಿಗಾಲಕ್ಕೆ ನೋಟಿಸು ಕೊಡಬೇಕು, ಇಲ್ಲವೇ ಹೋಗಬೇಕಾದ ದೇಶವನ್ನೇ ನಮ್ಮ ತಾರಸಿಗೆ ಎಳೆದು ತರಿಸಬೇಕು. ಎರಡೂ ಆಗದಿದ್ದರೆ ತಮ್ಮ ಎರಡು ಪಕ್ಕದಲ್ಲೂ ರೆಕ್ಕೆ ಎಂಬ ವಸ್ತುವಿದೆ, ಒಮ್ಮೆ ಬಿಚ್ಚಿ ನೋಡಬೇಕು.

ತಮ್ಮ ವಿಶ್ವಾಸಿ, ಇನ್ನು ಒಂದು ಚೂರನ್ನೂ ಹಾಕದ
ಎರಡನೇ ಮಹಡಿಯ ಅಜ್ಜಿ

ವಿ.ಸೂ.: ಇವತ್ತು ಬೆಳಗ್ಗೆ ತಾವು ಚಿಟ್ಟೆಯ ಹಿಂದೆ ಹಾರಿ, ನನ್ನ ಒಗೆದ ಹೊದಿಕೆಗೆ ಸಿಕ್ಕಿಕೊಂಡು ದೊಪ್ಪನೆ ಬಿದ್ದದ್ದನ್ನು ನೋಡಿ ಹೊಟ್ಟೆ ಹಿಡಿದು ನಕ್ಕೆ. ಆದರೆ ಎದ್ದಾಗ ಚಿಟ್ಟೆ ತಮ್ಮ ಕಾಲಲ್ಲೇ ಇತ್ತು, ಅದನ್ನೂ ನೋಡಿದೆ. ಹೊದಿಕೆ ನಾನು ಮತ್ತೆ ಒಗೆದುಕೊಳ್ಳುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ತಾವು ಉತ್ತರ ಕೊಡತಕ್ಕದ್ದು. ಕಾಗದ ಬೇಡ, ಖಾಲಿ ಟ್ಯಾಂಕ್ ಸಾಕು.