ಯಾರ ರಿಲೇ ಯಾರ ಕಾರಿನಲ್ಲಿ

ಅಲ್ಲ, ಮೊದಲು ಬಿಚ್ಚಿದ್ದು ಅವನ ಕಾರಿನದೇ ಇರಬೇಕು. ಯಾಕೆಂದರೆ ಸ್ಕ್ರೂಡ್ರೈವರ್ ಅವನ ಕೈಯಲ್ಲಿತ್ತು, ಮತ್ತು ಸಂಗಮೇಶ ಯಾವಾಗಲೂ ಮೊದಲು ತನ್ನ ಕಾರನ್ನೇ ಬಿಚ್ಚುತ್ತಾನೆ. ಅದು ಅವನ ಸೌಜನ್ಯ. ಆದರೆ ಇದನ್ನು ಬರೆಯುತ್ತಿರುವಾಗಲೇ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ನಾನು ನನ್ನ ನೆನಪನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಬೆಳಿಗ್ಗೆ ನನ್ನ ಪರ ಸಾಕ್ಷಿ ಹೇಳುತ್ತದೆ, ಮಧ್ಯಾಹ್ನ ಎದುರು ಕಕ್ಷಿಯ ವಕೀಲನ ಜೊತೆ ಕಾಫಿ ಕುಡಿಯುತ್ತಿರುತ್ತದೆ. ಆ ಭಾನುವಾರಕ್ಕೆ ಇರುವ ಒಂದೇ ಗಟ್ಟಿ ಪುರಾವೆ ನನ್ನ ಮೊಬೈಲಿನಲ್ಲಿರುವ ಒಂದು ಫೋಟೋ. ಅಕ್ಕಪಕ್ಕ ನಿಂತ ಎರಡು ಕರಿ ಬಿಎಂಡಬ್ಲ್ಯು ಕಾರುಗಳು. ಎರಡರ ಎಡಬಾಗಿಲೂ ತೆರೆದಿದೆ, ಒಂದೊಂದು ಬಾಗಿಲಿನಿಂದ ಒಂದೊಂದು ಪೃಷ್ಠ ಹೊರಬಂದಿದೆ. ತಲೆಗಳು ಡ್ಯಾಶ್‌ಬೋರ್ಡಿನ ಕೆಳಗೆ. ಯಾವ ಪೃಷ್ಠ ನನ್ನದು ಎಂಬುದನ್ನು ಪ್ಯಾಂಟಿನ ಬಣ್ಣದಿಂದ ಊಹಿಸಬೇಕು. ಆ ಬಣ್ಣದ ಪ್ಯಾಂಟು ನನ್ನ ಬಳಿ ಇದ್ದ ನೆನಪಿಲ್ಲ.

ವಿಷಯ ಬಹಳ ಸಣ್ಣದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ರಿಲೇ ಎಂಬ ಕಪ್ಪು ಡಬ್ಬಿ. ನಮ್ಮ ಕಾರಿನಲ್ಲಿ ಅದು ಎಡಸೀಟಿನ ಮುಂದಿರುವ ಡ್ರಾಯರಿನ ಹಿಂದೆ ಅವಿತಿದ್ದು, ಪೆಟ್ರೋಲ್ ಪಂಪಿಗೆ ಕರೆಂಟ್ ಬಿಡುತ್ತದೆ. ವಯಸ್ಸಾದ ರಿಲೇ ತಣ್ಣಗಿರುವಾಗ ಸಾಧು. ಕಾದ ಮೇಲೆ ಕೈಕೊಡುತ್ತದೆ, ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಇಂಥ ಎರಡು ರಿಲೇಗಳಲ್ಲಿ ಯಾವುದು ನನ್ನದು, ಯಾವುದು ಸಂಗಮೇಶನದು ಎಂಬುದು ತಿಳಿಯದೆ ಹೋದದ್ದರಿಂದ, ನನಗಿದ್ದ ಒಬ್ಬನೇ ಗೆಳೆಯ ನನ್ನ ಜೊತೆ ಮಾತು ಬಿಟ್ಟ.

ಹಳೆಯ ಬಿಎಂಡಬ್ಲ್ಯು ಇಟ್ಟುಕೊಂಡವನನ್ನು ದೂರದಿಂದ ನೋಡಿದವರು ಶ್ರೀಮಂತ ಎನ್ನುತ್ತಾರೆ. ಹತ್ತಿರದಿಂದ ನೋಡಿದವರು ಏನೂ ಹೇಳದೆ ಹೆಗಲ ಮೇಲೆ ಕೈಯಿಡುತ್ತಾರೆ. ನಾನು ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಅಮೃತಹಳ್ಳಿಯ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ಒಬ್ಬನೇ ಇದ್ದೇನೆ. ನನ್ನ ಕಾರಿನ ಪ್ಲಾಸ್ಟಿಕ್ಕೆಲ್ಲ ಹಪ್ಪಳವಾಗಿದೆ, ರಬ್ಬರು ಕಲ್ಲಾಗಿದೆ, ಒಳಛಾವಣಿಯ ಬಟ್ಟೆ ಅಂಟು ಬಿಟ್ಟು ನನ್ನ ತಲೆಯ ಮೇಲೆ ಸಣ್ಣ ಶಾಮಿಯಾನದಂತೆ ಇಳಿದಿದೆ. ಪಕ್ಕದ ಸೀಟಿನಲ್ಲಿ ಯಾವಾಗಲೂ ಎಂಜಿನ್ ತಣಿಸುವ ಒಂದು ಕೂಲೆಂಟ್ ಕ್ಯಾನು. ತಿರುವಿನಲ್ಲಿ ಉರುಳದಿರಲೆಂದು ಅದಕ್ಕೆ ಸೀಟ್ ಬೆಲ್ಟ್ ಹಾಕಿರುತ್ತೇನೆ. ಒಮ್ಮೆ ಸಿಗ್ನಲ್‌ನಲ್ಲಿ ಆಟೋದವನೊಬ್ಬ ಬಗ್ಗಿ ನೋಡಿ, ‘ಮನೆಯೋರಾ ಸಾರ್? ಬೆಲ್ಟ್ ಸ್ವಲ್ಪ ಲೂಸ್ ಮಾಡಿ, ಉಸ್ರು ಕಟ್ತದೆ’ ಅಂದ. ನಾನು ನಿಜವಾಗಿಯೂ ಬೆಲ್ಟನ್ನು ಸ್ವಲ್ಪ ಸಡಿಲಿಸಿದೆ. ಒಂಟಿಯಾಗಿರುವವರು ಯಾರು ಏನು ಹೇಳಿದರೂ ಕೇಳಿಬಿಡುತ್ತಾರೆ.

ಮನೆಯ ಓನರ್ ಮುನಿರಾಜಪ್ಪನವರು ಅಮೃತಹಳ್ಳಿಯ ಹಳೇ ಕುಳ. ಈಗ ನಾನು ಮಲಗುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಇವರು ಬಾಡಿಗೆ ಮನೆ ಬೆಳೆಯುತ್ತಾರೆ. ಭಾನುವಾರ ನಾವಿಬ್ಬರೂ ಕಾರಿನೊಳಗೆ ತಲೆ ತೂರಿಸಿದ್ದರೆ ಅವರು ಹಲ್ಲುಜ್ಜುತ್ತಾ ಬಂದು ನಿಲ್ಲುವರು. ‘ನಮ್ಮಪ್ಪನ್ ಕಾಲ್ದಲ್ಲಿ ಎತ್ತು ಇಂಗೆ ಮಲೀಕಂಡ್ರೆ ಬಾಲ ಕಚ್ಚೋರು ಮೇಷ್ಟ್ರೇ. ನಿಮ್ದಕ್ಕೆ ಬಾಲಾನೂ ಇಲ್ವಲ್ಲ!’ ಮೇಲೆ ಹೇಳಿದ ಫೋಟೋ ತೆಗೆದವರು ಅವರೇ. ನಮ್ಮ ಮುಖ ಯಾಕೆ ತೆಗೆಯಲಿಲ್ಲ ಎಂದು ಕೇಳಿದ್ದಕ್ಕೆ, ‘ಮುಖ ಯಾವತ್ತಾದ್ರೂ ಈಚೆ ಬಂದಿತ್ತಾ?’ ಅಂದರು.

ಸಂಗಮೇಶ ಬಾಗಲಕೋಟೆ ಕಡೆಯವನು. ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಅಲ್ಲೇ ಹತ್ತಿರದಲ್ಲಿ ಮನೆ. ಅವನು ಸಿಕ್ಕಿದ್ದು ಹೆಬ್ಬಾಳದ ಫ್ಲೈಓವರಿನ ಮೇಲೆ. ನನ್ನ ಕಾರು ನಿಂತಿತ್ತು. ಹಿಂದೆ ಇಡೀ ಊರು ಹಾರ್ನ್ ಹೊಡೆಯುತ್ತಿತ್ತು, ಒಂದು ಕಾರು ಮಾತ್ರ ಹೊಡೆಯುತ್ತಿರಲಿಲ್ಲ. ಅದೂ ಕರಿ ಬಿಎಂಡಬ್ಲ್ಯು, ಅದೇ ಮಾಡೆಲ್ಲು. ಅದರಿಂದಿಳಿದ ಮನುಷ್ಯ ನಮಸ್ಕಾರ ಕೂಡ ಹೇಳದೆ, ‘ಬಿಸಿ ಆಗಿ ನಿಂತೈತೋ, ತಣ್ಣಗಿದ್ದಾಗ ನಿಂತೈತೋ?’ ಎಂದು ಕೇಳಿದ. ಇಷ್ಟು ಆತ್ಮೀಯವಾದ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಇದು ನಾನು ಬಲ್ಲ ಕಥೆ. ಸಂಗಮೇಶ ಹೇಳುವ ಕಥೆಯಲ್ಲಿ ನಿಂತದ್ದು ಅವನ ಕಾರು, ಹಾರ್ನ್ ಹೊಡೆಯದವನು ನಾನು, ಪ್ರಶ್ನೆ ಕೇಳಿದವನೂ ನಾನೇ. ಈ ಬಗ್ಗೆ ಎಷ್ಟೋ ಸಲ ಜಗಳವಾಡಿ ನಕ್ಕಿದ್ದೇವೆ. ಆಗ ಅದು ನಗುವ ವಿಷಯವಾಗಿತ್ತು.

ಅಂದಿನಿಂದ ಭಾನುವಾರಗಳು ನಮ್ಮವಾದವು. ಇಬ್ಬರ ಬಳಿಯೂ ಒಂದೇ ಮಾಡೆಲ್ ಇದ್ದರೆ ರೋಗ ಪತ್ತೆ ಮಾಡಲು ಒಂದು ಸುಲಭ ವಿಧಾನವಿದೆ: ಅದಲುಬದಲು. ಅನುಮಾನವಿರುವ ಭಾಗವನ್ನು ನನ್ನ ಕಾರಿನಿಂದ ಬಿಚ್ಚಿ ಅವನದಕ್ಕೆ ಹಾಕುವುದು, ಅವನದನ್ನು ನನ್ನದಕ್ಕೆ. ಒಂದಷ್ಟು ದಿನ ಓಡಿಸುವುದು. ರೋಗ ಅವನ ಕಾರಿಗೆ ದಾಟಿದರೆ ತಪ್ಪು ಆ ಭಾಗದ್ದು. ನನ್ನಲ್ಲೇ ಉಳಿದರೆ ಬೇರೆ ಯಾವುದರದೋ. ಗಣಿತದವನಾಗಿ ಹೇಳುತ್ತೇನೆ, ವಿಧಾನದಲ್ಲಿ ಲೋಪವಿಲ್ಲ. ಎರಡು ಕಾರು ಬೇಕು, ಮತ್ತು ನಿಮ್ಮ ರೋಗವನ್ನು ತನ್ನ ಮನೆಗೆ ಕರೆದೊಯ್ಯಲು ಒಪ್ಪುವ ಒಬ್ಬ ಗೆಳೆಯ ಬೇಕು, ಅಷ್ಟೇ. ಹೊಸ ರಿಲೇ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ತಂದು ಹಾಕಿದರೆ ಕಾರು ಸರಿಯಾಗಿಬಿಡುತ್ತದೆ. ಆಮೇಲೆ ಭಾನುವಾರ ಏನು ಮಾಡುವುದು?

ಹಾಗಾಗಿ ನನ್ನ ಕಾರು ಬಿಸಿಲಿಗೆ ನಿಲ್ಲತೊಡಗಿದಾಗ ರಿಲೇಗಳನ್ನು ಅದಲುಬದಲು ಮಾಡಿದೆವು. ಗುರುತಿಗೆ ನಾನು ನನ್ನದರ ಮೇಲೆ ಕಾಲೇಜಿನಿಂದ ತಂದ ವೈಟ್ನರಿನಲ್ಲಿ ಒಂದು ಚುಕ್ಕೆಯಿಟ್ಟೆ. ಸಂಗಮೇಶ ಜೇಬಿನಿಂದ ವಿಭೂತಿ ತೆಗೆದು ತನ್ನದಕ್ಕೆ ಬಳಿದ. ‘ನಂದು ಶಿವನ ಪಾಲು, ನಿಂದು ಸಾಲಿ ಮಾಸ್ತರನ ಪಾಲು’ ಅಂದ. ಎರಡೂ ಬಿಳಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಆ ದಿನಗಳಲ್ಲಿ ಎರಡು ಕಾರುಗಳೂ ನಿಲ್ಲಲಿಲ್ಲ. ಮುಂದಿನ ಭಾನುವಾರ ಎರಡನ್ನೂ ಬಿಚ್ಚಿ ಒಂದು ತಟ್ಟೆಯಲ್ಲಿಟ್ಟೆವು. ನನ್ನ ಚುಕ್ಕೆ ಕಾವಿಗೆ ಸಿಪ್ಪೆಯೆದ್ದು ಹೋಗಿತ್ತು, ಅವನ ವಿಭೂತಿ ಉದುರಿತ್ತು. ಎರಡರ ಮೇಲೂ ಮಾಸಿದ ಬಿಳಿ ಕಲೆ. ಮುನಿರಾಜಪ್ಪನವರು ತಟ್ಟೆಯನ್ನೆತ್ತಿ, ‘ಏನಿದು, ಕೊಬ್ರಿ ಮಿಠಾಯಿನಾ?’ ಎಂದು ತಿರುಗಿಸಿ ನೋಡಿ ಮತ್ತೆ ಕೆಳಗಿಟ್ಟರು. ಸಂಗಮೇಶ ಒಂದನ್ನು ತೆಗೆದುಕೊಂಡ. ಅಥವಾ ನಾನು ಕೊಟ್ಟೆ. ಈ ಒಂದು ಕ್ಷಣವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆಂದರೆ ಅದರ ಮೇಲೂ ಈಗ ನನ್ನ ಬೆರಳಚ್ಚುಗಳೇ ತುಂಬಿವೆ.

ಅದಾದ ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯಿಂದ ಅವನ ಮಗಳನ್ನು ನೋಡಲು ವರನ ಕಡೆಯವರು ಬಂದರು. ಯಶವಂತಪುರ ಸ್ಟೇಷನ್ನಿನಿಂದ ಸಂಗಮೇಶನೇ ಅವರನ್ನು ಕರೆತರುತ್ತಿದ್ದ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಸುಡು ಮಧ್ಯಾಹ್ನದಲ್ಲಿ, ಕಾರು ನಿಂತಿತು. ರೇಷ್ಮೆ ಸೀರೆಯ ಬೀಗಿತ್ತಿ ಒಳಗೆ ಬೆಂದರು. ವರ ಮತ್ತು ವರನ ತಂದೆ ಇಳಿದು ತಳ್ಳಿದರು. ಸಂಬಂಧ ಮುರಿಯಲಿಲ್ಲ, ಕುದುರಿತು. ಕುದುರಿದ್ದೇ ತೊಂದರೆಯಾಯಿತು. ವರನ ತಂದೆ ನಗುಮುಖದ ಮನುಷ್ಯ. ಸಿಕ್ಕಸಿಕ್ಕವರಿಗೆಲ್ಲ, ‘ನಾವು ಹೆಣ್ಣು ನೋಡಾಕ ಹೋಗ್ಲಿಲ್ರೀ, ಬಿಎಂಡಬ್ಲ್ಯು ತಳ್ಳಾಕ ಹೋಗಿದ್ವಿ’ ಎಂದು ಹೇಳತೊಡಗಿದರು. ಸಂಗಮೇಶ ಮಗಳ ಪ್ರತಿಯೊಂದು ಸಮಾರಂಭದಲ್ಲೂ ಅದನ್ನು ಕೇಳಿ ನಗಬೇಕಾಯಿತು.

ಕಾರು ನಿಂತ ದಿನದ ಸಂಜೆಯೇ ಅವನ ಫೋನ್ ಬಂದಿತ್ತು. ‘ಲೇ ದೋಸ್ತ, ಖರೇ ಹೇಳು. ನಿನ್ನ ಕೆಟ್ಟ ರಿಲೇ ನನಗ ಹಚ್ಚಿ, ನನ್ನ ಚಲೋದು ನೀ ಇಟ್ಕೊಂಡಿ. ಹೌದಲ್ಲೋ?’

ನಾನು, ‘ಬೇಕೂಂತ ಮಾಡಿಲ್ಲ ಕಣೋ’ ಅಂದೆ.

ಯಾಕೆ ಹಾಗಂದೆ? ‘ಗೊತ್ತಿಲ್ಲ’ ಎನ್ನಬೇಕಿತ್ತು, ಅದೇ ನಿಜ. ‘ಬೇಕೂಂತ ಮಾಡಿಲ್ಲ’ ಎಂದರೆ ಮಾಡಿದ್ದೇನೆ ಎಂದಾಯಿತು. ಆ ಕಡೆ ಅವನು ಫೋನ್ ಇಟ್ಟ. ಆಮೇಲೆ ಭಾನುವಾರ ಬರಲಿಲ್ಲ. ಕಾರು ಮಾರಿದನೆಂದು ಕೇಳಿದೆ. ಮದುವೆಯ ಕರೆಯೋಲೆ ಮೊಬೈಲಿಗೆ ಬಂತು, ಹೋದೆ. ವೇದಿಕೆಯ ಬಳಿ ನನ್ನ ಕೈ ಹಿಡಿದು, ‘ಊಟ ಮಾಡ್ಕೊಂಡು ಹೋಗ್ರಿ’ ಅಂದ. ಹೋಗ್ರಿ! ಇಷ್ಟು ಮರ್ಯಾದೆ ಕೊಡುವಂಥ ಜಗಳ ನಮ್ಮಿಬ್ಬರ ನಡುವೆ ಹಿಂದೆಂದೂ ಆಗಿರಲಿಲ್ಲ. ಹೋಳಿಗೆಯ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಅಭ್ಯಾಸಬಲದಿಂದ ಕೂಲೆಂಟ್ ಕ್ಯಾನನ್ನು ಹುಡುಕಿದೆ.

ನಿಜ ತಿಳಿಯುವುದು ಕಷ್ಟವಿರಲಿಲ್ಲ. ಬಿಸಿಲಲ್ಲಿ, ಜಾಮಿನಲ್ಲಿ ನನ್ನ ಕಾರನ್ನು ಓಡಿಸಿದರಾಯಿತು. ನಿಂತರೆ ಕೆಟ್ಟದ್ದು ನನ್ನಲ್ಲೇ ಇದೆ, ನಾನು ನಿರಪರಾಧಿ. ನಿಲ್ಲದಿದ್ದರೆ ಅವನು ಹೇಳಿದ್ದು ಸರಿ. ಅದಕ್ಕೇ ನಾನು ತಂಪು ಹೊತ್ತಿನಲ್ಲಿ ಕಾಲೇಜಿಗೆ ಹೋಗಿ ಬರುವುದು ಬಿಟ್ಟರೆ ಕಾರನ್ನು ಎಲ್ಲಿಗೂ ಒಯ್ಯಲಿಲ್ಲ. ಎಂಜಿನ್ ಕಾಯುವ ಮೊದಲೇ ಮನೆ ಸೇರುತ್ತಿದ್ದೆ.

ಕಳೆದ ಆಯುಧಪೂಜೆಯ ದಿನ ಕಾರು ತೊಳೆದು, ಹೂ ಹಾಕಿ, ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣಿಟ್ಟೆ. ಈ ಕೆಲಸಕ್ಕೆ ಇಬ್ಬರು ಬೇಕು: ಒಬ್ಬ ಓಡಿಸಲು, ಇನ್ನೊಬ್ಬ ನೋಡಲು. ಸಂಗಮೇಶ ಪ್ರತಿ ವರ್ಷ ರಸ್ತೆಗೆ ಕೇಳುವಂತೆ ಕೂಗುತ್ತಿದ್ದ: ‘ಮೂರು ಒಡದಾವ, ಒಂದು ಓಡಿ ಹೋತು!’ ಈಗ ನಾನೇ ಓಡಿಸಿ, ನಾನೇ ಇಳಿದು ಬಗ್ಗಿ ನೋಡಿದೆ. ನಾಲ್ಕೂ ಒಡೆದಿದ್ದವು. ಹೇಳಲು ಯಾರೂ ಇರಲಿಲ್ಲ. ಮೇಲೆ ನಿಂತಿದ್ದ ಮುನಿರಾಜಪ್ಪನವರು, ‘ಎಲ್ಲಾ ಪಾಸಾ ಮೇಷ್ಟ್ರೇ?’ ಅಂದರು. ಪಾಸ್ ಅಂದೆ. ಅಂದವನು ಮೇಲೆ ಹೋಗದೆ ಮತ್ತೆ ಕಾರು ಹತ್ತಿ ಜಾಲಹಳ್ಳಿಯ ಕಡೆ ಹೊರಟೆ. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ಪರೀಕ್ಷೆ ಆಗಿಯೇ ಹೋಗಲಿ, ಫಲಿತಾಂಶವನ್ನು ಅವನ ಮನೆಗೇ ಮುಟ್ಟಿಸುತ್ತೇನೆ ಎಂದುಕೊಂಡೆ.

ಬೆಂಗಳೂರಿನಲ್ಲಿ ಟ್ರಾಫಿಕ್ ಜಾಮ್ ಹುಡುಕಿಕೊಂಡು ಹೊರಟ ಮೊದಲ ಮನುಷ್ಯ ನಾನೇ ಇರಬೇಕು. ಸಿಗಲಿಲ್ಲ. ಹಬ್ಬಕ್ಕೆ ಊರೆಲ್ಲ ಊರಿಗೆ ಹೋಗಿತ್ತು. ಹೆಬ್ಬಾಳದ ಫ್ಲೈಓವರಿನ ಮೇಲೆ ನಾನು ಮತ್ತು ಒಂದು ನಾಯಿ. ಬೇಕೆಂದೇ ಸುತ್ತು ಹಾಕಿ ಗೊರಗುಂಟೆಪಾಳ್ಯಕ್ಕೆ ಹೋದೆ, ಸಿಗ್ನಲ್ ಹಸಿರು. ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ, ಮತ್ತೆ ಹಸಿರು. ಒಳಗೆ ಬರೀ ತಂಗಾಳಿ. ಕಾರು ಕಾಯಲೂ ಇಲ್ಲ, ನಿಲ್ಲಲೂ ಇಲ್ಲ. ಸಂಗಮೇಶನ ಗೇಟಿನ ಮುಂದೆ ನಾನೇ ಅದನ್ನು ನಿಲ್ಲಿಸಬೇಕಾಯಿತು.

ಬಾಗಿಲು ತೆರೆದದ್ದು ಅವನ ಹೆಂಡತಿ ಶಾಂತಕ್ಕ. ‘ಬರ್ರಿ ಬರ್ರಿ! ಮಗಳು, ಅಳಿಯ, ಬೀಗರು ಹಬ್ಬಕ್ಕ ಬಂದಾರ. ಎಲ್ಲಾರೂ ಅಳಿಯನ ಗಾಡಿಯಾಗ ಗುಡಿಗೆ ಹೋಗ್ಯಾರ್ರಿ. ತಡೀರಿ, ಫೋನ್ ಹಚ್ತೀನಿ.’ ಬೇಡ ಎನ್ನುವಷ್ಟರಲ್ಲಿ ಹಚ್ಚಿದರು, ಸ್ಪೀಕರಿನಲ್ಲಿ.

‘ರೀ, ಅಮೃತಹಳ್ಳಿ ಸರ್ ಬಂದಾರ. ಕರಿ ಕಾರಿನ್ಯಾಗ.’

ಆ ಕಡೆ ಯಾರೋ ಗಹಗಹಿಸಿ ನಕ್ಕರು, ಬೀಗರೇ. ‘ತಳ್ಳಾಕ ಬರಬೇಕೇನ್ ಕೇಳ್ರೀ!’

ನಗು ಮುಗಿಯುವವರೆಗೆ ಸಂಗಮೇಶ ಕಾದ. ಆಮೇಲೆ ಹೆಂಡತಿಗೇ ಹೇಳಿದ: ‘ಹಾದ್ಯಾಗ ಎಲ್ಲೆರ ನಿಂತಿತ್ತೇನ್ ಕೇಳು.’

ಶಾಂತಕ್ಕ ನನ್ನ ಮುಖ ನೋಡಿದರು. ರಸ್ತೆ ಖಾಲಿಯಿತ್ತು, ಪರೀಕ್ಷೆಯೇ ಆಗಿಲ್ಲ, ಇದು ಲೆಕ್ಕಕ್ಕಿಲ್ಲ ಎಂದೆಲ್ಲ ಹೇಳಬೇಕಿತ್ತು. ‘ಇಲ್ಲ’ ಅಂದೆ.

‘ನಿಂತಿಲ್ಲಂತ್ರಿ.’

‘ಚಾ ಮಾಡಿ ಕೊಡು. ಟಿವಿ ಹಿಂದಿನ ಡಬ್ಬಿಯಾಗಿಂದು ತಗದು ಕೊಡು’ ಎಂದು ಸಂಗಮೇಶ ಫೋನ್ ಇಟ್ಟ.

ಡಬ್ಬಿಯಲ್ಲಿದ್ದದ್ದು ರಿಲೇ. ‘ಗಾಡಿ ಮಾರೂಮುಂದ ಹೊಸಾದು ಹಾಕಿ, ಇದನ್ನ ತಗದಿಟ್ಟಾರ್ರಿ’ ಅಂದರು ಶಾಂತಕ್ಕ. ‘ಕಸಾ ಹೊಡೀಬೇಕಾದ್ರ ಒಗಿಯಾಕ ಹೋಗಿದ್ದೆ. ಬೈದ್ರು. ಅವ ಬಂದ್ರ ಕೊಡು ಅಂದ್ರು.’ ಸಂಗಮೇಶ ನಿಜವಾಗಿ ‘ಅವ’ ಎಂದನೇ, ‘ಅವರು’ ಎಂದನೇ ಎಂದು ಮತ್ತೊಮ್ಮೆ ಕೇಳಲು ನಾಚಿಕೆಯಾಯಿತು. ಚಹಾ ಕುಡಿದು, ಅವರು ಇರಿ ಇರಿ ಎನ್ನುತ್ತಿದ್ದರೂ ಎದ್ದು ಬಂದೆ.

ಹೊರಗೆ ತಡೆಯಲಾಗಲಿಲ್ಲ. ಎಡಬಾಗಿಲು ತೆರೆದು, ಮಂಡಿಯೂರಿ, ಡ್ರಾಯರ್ ಕಳಚಿ, ನನ್ನ ಕಾರಿನದನ್ನೂ ಕಿತ್ತು ಎರಡನ್ನೂ ಅಂಗೈಯಲ್ಲಿಟ್ಟುಕೊಂಡೆ. ಎರಡರ ಮೇಲೂ ಅದೇ ಮಾಸಿದ ಕಲೆ. ಮೂಸಿ ನೋಡಿದೆ, ಎರಡೂ ಹಳೇ ಕಾರಿನ ವಾಸನೆ. ಅಷ್ಟರಲ್ಲಿ ಬೆನ್ನ ಹಿಂದೆ, ‘ಸಾರ್, ಸ್ವಲ್ಪ ಗಾಡಿ ಮುಂದಕ್ಕೆ ತಗೊಳ್ತೀರಾ? ಕುಂಬಳಕಾಯಿ ಒಡೀಬೇಕು’ ಎಂದು ಪಕ್ಕದ ಮನೆಯವರು ಕೂಗಿದರು. ಬೆಚ್ಚಿ ತಲೆಯೆತ್ತಿ ಡ್ಯಾಶ್‌ಬೋರ್ಡಿಗೆ ಬಡಿದುಕೊಂಡೆ, ಎರಡೂ ಕಾರ್ಪೆಟ್ಟಿನ ಮೇಲೆ ಬಿದ್ದವು. ಕೈಗೆ ಸಿಕ್ಕ ಒಂದನ್ನು ಅದರ ಜಾಗಕ್ಕೆ ಚುಚ್ಚಿದೆ. ಕಾರು ಹೊರಟಿತು, ಮನೆಯವರೆಗೂ ನಿಲ್ಲಲಿಲ್ಲ. ರಸ್ತೆ ಆಗಲೂ ಖಾಲಿಯೇ ಇತ್ತು.

ಒಂದು ಈಗ ಕಾರಿನೊಳಗಿದೆ. ಇನ್ನೊಂದು ಪಕ್ಕದ ಸೀಟಿನಲ್ಲಿ ಕೂಲೆಂಟ್ ಕ್ಯಾನಿನ ಜೊತೆ ಕೂತಿದೆ. ನನ್ನನ್ನು ಮನೆಗೆ ತಂದದ್ದು ಯಾರದ್ದೆಂದು ಗೊತ್ತಿಲ್ಲ. ಸಂಗಮೇಶ ಅದನ್ನು ಇಷ್ಟು ದಿನ ಎತ್ತಿಟ್ಟದ್ದು ನನ್ನ ತಪ್ಪನ್ನು ನನ್ನ ಕೈಗೇ ಕೊಡಲೆಂದೋ, ಮತ್ತೊಮ್ಮೆ ಅದಲುಬದಲು ಮಾಡಲು ಬರಲೆಂದೋ, ಅದೂ ಗೊತ್ತಿಲ್ಲ. ಫೋನ್ ಮಾಡಿ ಕೇಳಬಹುದು. ಇನ್ನೂ ಕೇಳಿಲ್ಲ.